ಗಂಟೆ ನೋಡಿ ಹೋಟೆಲಿಗೆ ಹೋಗು

ಮಗಳೇ, ಪರ್ಕಳದಲ್ಲಿ ಮನೆ ಹಿಡಿದಾಯಿತು, ಹಾಲು ಉಕ್ಕಿಸಿ ಆಯಿತು, ಇಬ್ಬರಿಗೂ ಮಣಿಪಾಲದಲ್ಲೇ ಕೆಲಸ. ಸಂತೋಷ. ಆದರೆ ಮೊನ್ನೆ ನಿಮ್ಮಲ್ಲಿಗೆ ಬಂದಾಗ ಅಡುಗೆಮನೆ ಮೂಲೆಯಲ್ಲಿ ಪಾರ್ಸೆಲ್ ಡಬ್ಬಿಗಳ ರಾಶಿ ನೋಡಿ ಮನಸ್ಸಿಗೆ ಬೇಜಾರಾಯಿತು. ಊರೂರಿಗೆ ಹೋಟೆಲ್ ಕಟ್ಟಿಕೊಟ್ಟ ಉಡುಪಿಯ ಮಗ್ಗುಲಲ್ಲೇ ಇದ್ದುಕೊಂಡು ದಿನಾ ರಾತ್ರಿ ಫೋನ್ ಒತ್ತಿ ತರಿಸಿದ ತಣ್ಣಗಿನ ಅನ್ನ ತಿನ್ನುವುದೆಂದರೇನು! ನಿನ್ನ ದೊಡ್ಡಪ್ಪನಾದ ನಾನು ಅಂಗಡಿಗಳಿಗೆ ಸಾಮಾನು ಹಾಕುವ ಲೈನಿನಲ್ಲಿ ಕಾಪುವಿನಿಂದ ಕಾರ್ಕಳದವರೆಗೆ ಬಸ್ಸಿನಲ್ಲಿ ತಿರುಗಿದವನು. ಮಧ್ಯಾಹ್ನದ ಊಟ ಮನೆಯಲ್ಲಿ ಉಂಡದ್ದಕ್ಕಿಂತ ಹೋಟೆಲಿನಲ್ಲಿ ಉಂಡದ್ದೇ ಹೆಚ್ಚು. ನಿನಗೂ ಅಳಿಯಂದಿರಿಗೂ ಉಪಯೋಗಕ್ಕೆ ಬರಲಿ ಎಂದು ಗೊತ್ತಿದ್ದದ್ದನ್ನೆಲ್ಲ ಬರೆದಿಟ್ಟಿದ್ದೇನೆ. ಎಲ್ಲಕ್ಕೂ ಬುಡ ಒಂದೇ ಮಾತು: ನಮ್ಮ ಕಡೆಯ ಒಂದೊಂದು ಹೋಟೆಲಿಗೂ ಅದರದ್ದೇ ಒಂದು ಹೊತ್ತು ಉಂಟು, ಅದರದ್ದೇ ಒಂದು ತಿಂಡಿ ಉಂಟು. ಆ ಹೊತ್ತಿಗೆ ಅದನ್ನೇ ಕೇಳಿ ತಿಂದರೆ ಹಂಚಿನ ಮಾಡಿನ ಸಣ್ಣ ಹೋಟೆಲಿನಲ್ಲೂ ತೃಪ್ತಿ ಸಿಗುತ್ತದೆ. ಹೊತ್ತು ತಪ್ಪಿ ಹೋದರೆ ಎಂಥ ಹೆಸರಿನ ಹೋಟೆಲಾದರೂ ಅಷ್ಟಕ್ಕಷ್ಟೆ.

• ಬನ್ಸ್ ಬೆಳಗ್ಗಿನ ತಿಂಡಿ. ಕಳಿತ ಬಾಳೆಹಣ್ಣು, ಮೈದಾ, ಮೊಸರು, ಸಕ್ಕರೆ, ಒಂದಿಷ್ಟು ಜೀರಿಗೆ ಹಾಕಿ ರಾತ್ರಿಯೇ ನಾದಿಟ್ಟ ಹಿಟ್ಟು ಅದು. ಬೆಳಗ್ಗೆ ಲಟ್ಟಿಸಿ ಎಣ್ಣೆಗೆ ಬಿಟ್ಟರೆ ಚೆಂಡಿನ ಹಾಗೆ ಉಬ್ಬುತ್ತದೆ. ಮುರಿದರೆ ಒಳಗೆಲ್ಲ ಜಾಳು ಜಾಳು ತೂತು ಕಾಣಬೇಕು, ಬಾಳೆಹಣ್ಣಿನ ಪರಿಮಳ ಬರಬೇಕು. ಏಳೂವರೆಯಿಂದ ಒಂಬತ್ತರ ಒಳಗೆ ತಿಂದುಬಿಡು. ಹನ್ನೊಂದು ಗಂಟೆಗೆ ಗಾಜಿನ ಕಪಾಟಿನಲ್ಲಿ ಕೂತಿರುವ ಬನ್ಸ್ ಕೇಳಬೇಡ, ಅಷ್ಟು ಹೊತ್ತಿಗೆ ಅದು ಚರ್ಮದ ಹಾಗಾಗಿರುತ್ತದೆ.

• ಗೋಳಿಬಜೆಗೆ ಸಂಜೆ ನಾಲ್ಕು ಗಂಟೆ. ಬಾಣಲೆ ಕಾಣುವ ಕಡೆ ಕೂತುಕೋ. ಹುಳಿಮೊಸರಿನಲ್ಲಿ ಕಲಸಿದ ಹಿಟ್ಟನ್ನು ಭಟ್ಟರು ಅಂಗೈಯಲ್ಲಿ ಬಾಚಿ, ಹೆಬ್ಬೆರಳಿನ ಬದಿಯಿಂದ ಒಂದೊಂದೇ ಉಂಡೆಯಾಗಿ ಎಣ್ಣೆಗೆ ಬಿಡುತ್ತಾರೆ. ಉಂಡೆ ಮುಳುಗಿ, ಮೇಲೆ ಬಂದು, ತಾನಾಗಿಯೇ ಮಗುಚಿಕೊಳ್ಳುತ್ತದೆ. ಒಳಗೆ ಹಸಿಮೆಣಸಿನ ಚೂರು, ಶುಂಠಿ, ಕೊಬ್ಬರಿ ಚೂರು, ಕರಿಬೇವು ಇರಬೇಕು. ಬಾಣಲೆಯಿಂದ ತಟ್ಟೆಗೆ ಬಿದ್ದ ಮೇಲೆ ಐದು ನಿಮಿಷ ಅದರ ಆಯುಸ್ಸು, ಆಮೇಲೆ ಎಣ್ಣೆ ಒಳಗೆ ಇಳಿಯುತ್ತದೆ. ಆದ್ದರಿಂದ ಗೋಳಿಬಜೆಯನ್ನು ಎಂದೂ ಪಾರ್ಸೆಲ್ ತರಿಸಬೇಡ.

• ಉಡುಪಿಯ ರಥಬೀದಿಯಲ್ಲಿ ಮಿತ್ರ ಸಮಾಜ ಉಂಟು. ಗೋಳಿಬಜೆ, ಬನ್ಸ್, ಮಸಾಲೆ ದೋಸೆ ಮೂರಕ್ಕೂ ಹೆಸರು ಪಡೆದ ಹಳೆಯ ಹೋಟೆಲು. ಆದಿತ್ಯವಾರ ಯಾತ್ರಿಕರ ನೂಕುನುಗ್ಗಲು ಇರುತ್ತದೆ, ವಾರದ ನಡುವೆ ಹೋಗು. ಹತ್ತಿರದ ವುಡ್‌ಲ್ಯಾಂಡ್ಸ್‌ನಲ್ಲಿ ಮನೆಮಂದಿಯೆಲ್ಲ ಒಟ್ಟಿಗೆ ಕೂರಲು ಜಾಗ ಸಿಗುತ್ತದೆ. ನಿನ್ನ ಅಪ್ಪ ಅಮ್ಮ ಬಂದಾಗ ಅಲ್ಲಿಗೆ ಕರೆದುಕೊಂಡು ಹೋಗು.

• ಶ್ರೀಕೃಷ್ಣ ಮಠದ ಊಟವನ್ನು ಹೋಟೆಲಿನ ಸಾಲಿಗೆ ಸೇರಿಸಬಾರದು. ಅದು ಪ್ರಸಾದ. ಆದರೂ ಈ ಊರಿನಲ್ಲಿ ಮನೆ ಮಾಡಿದವಳು ಅಲ್ಲಿ ಒಮ್ಮೆ ಪಂಕ್ತಿಯಲ್ಲಿ ಕೂತು ಉಣ್ಣದೆ ಇರಬಾರದು. ಮಧ್ಯಾಹ್ನದ ಮಹಾಪೂಜೆ ಮುಗಿದ ಮೇಲೆ ಭೋಜನಶಾಲೆಯ ಸಾಲಿಗೆ ನಿಲ್ಲು. ಸಾಲು ಉದ್ದ ಕಂಡರೂ ಬೇಗ ಸಾಗುತ್ತದೆ. ಕೂತ ಮೇಲೆ ಬಡಿಸುವವರು ಓಡುತ್ತಲೇ ಬರುತ್ತಾರೆ. ಅನ್ನದ ಹಿಂದೆ ಸಾರು, ಸಾರಿನ ಹಿಂದೆ ಹುಳಿ, ನೀನು ಕಲಸುವಷ್ಟರಲ್ಲಿ ಮತ್ತೊಮ್ಮೆ ಅನ್ನ. ಸಾಕಾದರೆ ಬಾಯಲ್ಲಿ ಹೇಳಿದರೆ ಕೇಳಿಸುವುದಿಲ್ಲ, ಎಲೆಯ ಮೇಲೆ ಕೈ ಅಡ್ಡ ಹಿಡಿ. ಪಾಯಸ ಬರುವವರೆಗೆ ಹೊಟ್ಟೆಯಲ್ಲಿ ಜಾಗ ಇಟ್ಟುಕೋ, ಕೊನೆಗೆ ಮಜ್ಜಿಗೆ ಅನ್ನ ಬಿಡಬೇಡ. ಪಕ್ಕದವರ ಊಟ ಮುಗಿಯುವ ಮೊದಲು ಏಳಬಾರದು ಎಂಬುದನ್ನು ಅಳಿಯಂದಿರಿಗೆ ಮೊದಲೇ ಹೇಳಿಡು. ನೀರುಳ್ಳಿ, ಬೆಳ್ಳುಳ್ಳಿ ಇಲ್ಲದೆಯೇ ಸಾರಿಗೆ ಅಷ್ಟು ರುಚಿ ಬರುವುದು ಕೊತ್ತಂಬರಿ, ಇಂಗು, ಬೆಲ್ಲಗಳ ಹದದಿಂದ. ಮನೆಯಲ್ಲಿ ಸಾರು ಮಾಡುವಾಗ ಆ ರುಚಿಯನ್ನು ನೆನಪು ಮಾಡಿಕೋ.

• ಮಠಕ್ಕೆ ಹೋಗುವ ಮೊದಲು ಪಂಚಾಂಗ ನೋಡು. ಏಕಾದಶಿ ಅಲ್ಲಿ ಉಪವಾಸದ ದಿನ. ಆಷಾಢದಿಂದ ಕಾರ್ತಿಕದವರೆಗಿನ ಚಾತುರ್ಮಾಸ್ಯದಲ್ಲಿ ಅಡುಗೆಯೇ ಬದಲಾಗುತ್ತದೆ. ಮೊದಲ ತಿಂಗಳು ಶಾಕ ವ್ರತ, ತರಕಾರಿ ಇಲ್ಲ. ಎರಡನೆಯದು ದಧಿ ವ್ರತ, ಮೊಸರು ಇಲ್ಲ. ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ಬೇಳೆಕಾಳು ಇಲ್ಲ. ಅಷ್ಟೆಲ್ಲ ಬಿಟ್ಟೂ ಎಲೆ ತುಂಬಿಸುವ ಅಡುಗೆಯವರ ಜಾಣತನ ನನಗೆ ಇವತ್ತಿಗೂ ಆಶ್ಚರ್ಯ. ಬೇಳೆ ಇಲ್ಲದೆ ಹುಳಿ ಹೇಗೆ ದಪ್ಪ ಬರುತ್ತದೆ ಎಂದು ತಿಂದೇ ನೋಡಬೇಕು. ಇನ್ನು ಮಠದ ಪೂಜೆಯ ಅಧಿಕಾರ ಕೈ ಬದಲಾಗುವ ಪರ್ಯಾಯ, ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ. ಅದರ ಹಿಂದಿನ ರಾತ್ರಿ ಊರಿಡೀ ನಿದ್ದೆ ಮಾಡುವುದಿಲ್ಲ, ಹೋಟೆಲುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆ ರಾತ್ರಿ ಮನೆಯಲ್ಲಿ ಉಂಡುಕೊಂಡೇ ಪೇಟೆಗೆ ಇಳಿ.

• ಈಗ ಮೀನು. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕು, ಯಾಕೆಂದರೆ ಹೊಸಬರು ಹೆಚ್ಚು ದುಡ್ಡು ಕೊಟ್ಟು ಕಡಿಮೆ ರುಚಿ ತಿಂದು ಬರುವುದು ಇಲ್ಲಿಯೇ. ಮೀನಿನ ಊಟಕ್ಕೆ ಹನ್ನೆರಡೂವರೆಗೆ ಹೋಗಿ ಕೂರು. ಎರಡು ಗಂಟೆಗೆ ಹೋದರೆ ಒಳ್ಳೆಯ ತುಂಡುಗಳು ಮುಗಿದಿರುತ್ತವೆ, ಸಾರು ತಳ ಹಿಡಿದಿರುತ್ತದೆ. ಉಡುಪಿಯ ತಿಮ್ಮಪ್ಪ ಹೋಟೆಲಿನಲ್ಲಿ ಜನ ಬಾಗಿಲ ಹೊರಗೆ ಕಾದು ನಿಂತು ಉಣ್ಣುವುದು ಸುಮ್ಮನೆ ಅಲ್ಲ. ಬಂದ ಮೀನು ಅಂದೇ ಖಾಲಿಯಾಗುವ ಕಡೆ ನಾಳೆಗೆ ಉಳಿಯುವ ಪ್ರಶ್ನೆಯೇ ಇಲ್ಲ. ಯಾವ ಮೀನಿನ ಹೋಟೆಲಿಗೇ ಹೋಗು, ನೋಡಬೇಕಾದದ್ದು ಇದನ್ನೇ. ಸೋಮವಾರ, ಸಂಕಷ್ಟಿ ದಿನಗಳಲ್ಲಿ ನಮ್ಮ ಕಡೆ ಸುಮಾರು ಜನ ಮೀನು ಮುಟ್ಟುವುದಿಲ್ಲ. ಅಂದು ವ್ಯಾಪಾರ ಕಡಿಮೆ, ತುಂಡುಗಳು ಫ್ರಿಡ್ಜಿನಲ್ಲೇ ಉಳಿಯುತ್ತವೆ. ನೀನು ಬುಧವಾರವೋ ಆದಿತ್ಯವಾರವೋ ಹೋಗು.

• ಮೆನು ಕಾರ್ಡ್ ನೋಡಿ ಮೀನು ಆರಿಸಬೇಡ. ‘ಇನಿ ವಾ ಮೀನ್ ಉಂಡು?’ ಎಂದು ತುಳುವಿನಲ್ಲಿ ಕೇಳು. ಇವತ್ತು ಯಾವ ಮೀನು ಉಂಟು ಎಂದು ಅರ್ಥ. ಅಷ್ಟು ಕೇಳಿದರೆ ಬಡಿಸುವವರೇ ನಿಜ ಹೇಳುತ್ತಾರೆ: ‘ಅಂಜಲ್ ನಿನ್ನೆದು ಅಕ್ಕಾ, ಬಂಗುಡೆ ತಗೊಳ್ಳಿ.’ ಅಳಿಯಂದಿರು ಬ್ಯಾಡಗಿ ಕಡೆಯವರು, ಮುಳ್ಳು ಬಿಡಿಸಿ ಅಭ್ಯಾಸವಿಲ್ಲ. ಅವರಿಗೆ ಮೊದಲು ಅಂಜಲ್ ತವಾ ಫ್ರೈಯೋ ಕಾಣೆ ರವಾ ಫ್ರೈಯೋ ಕೊಡಿಸು. ಬೂತಾಯಿ ಪುಳಿಮುಂಚಿಯ ರುಚಿಗೆ ಸಾಟಿ ಇಲ್ಲ, ಆದರೆ ಮುಳ್ಳು ಜಾಸ್ತಿ. ಅದಕ್ಕೆ ಕೈ ಪಳಗಬೇಕು. ಅಂಜಲ್, ಮಾಂಜಿ ಇವಕ್ಕೆ ದರ ಆ ದಿನದ್ದು, ತುಂಡಿನ ಗಾತ್ರದ್ದು. ಮೊದಲು ದರ ಕೇಳು, ಆಮೇಲೆ ಹೇಳು. ಕೇಳುವುದರಲ್ಲಿ ನಾಚಿಕೆಯಿಲ್ಲ, ಇಲ್ಲಿ ಎಲ್ಲರೂ ಕೇಳುತ್ತಾರೆ.

• ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕಡಲಿನಲ್ಲಿ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಮಲ್ಪೆ ಬಂದರಿನಲ್ಲಿ ಬೋಟುಗಳು ಸಾಲಾಗಿ ದಡಕ್ಕೆ ಕಟ್ಟಿಕೊಂಡಿರುತ್ತವೆ. ಆ ಎರಡು ತಿಂಗಳು ಹೋಟೆಲಿನಲ್ಲಿ ಸಿಗುವುದು ನಾಡದೋಣಿಯವರು ತಂದ ಸ್ವಲ್ಪ ಮೀನು, ಇಲ್ಲವೇ ಶೀತಲಗೃಹದ್ದು, ಇಲ್ಲವೇ ಪೂರ್ವ ಕರಾವಳಿಯಿಂದ ಲಾರಿಯಲ್ಲಿ ಬಂದದ್ದು. ಅಲ್ಲಿ ನಿಷೇಧ ಜೂನ್ 14ಕ್ಕೇ ಮುಗಿಯುತ್ತದೆ. ಮಳೆಗಾಲದಲ್ಲಿ ದುಬಾರಿ ಮೀನಿನ ಹಿಂದೆ ಬೀಳಬೇಡ. ಕುಚ್ಚಲಕ್ಕಿ ಗಂಜಿ, ಸುಟ್ಟ ಒಣಮೀನಿನ ಚಟ್ನಿ ಸಿಗುವ ಸಣ್ಣ ಹೋಟೆಲ್ ಹುಡುಕು. ಹೊರಗೆ ಹೊಯ್ಯುವ ಮಳೆಗೆ ಅದಕ್ಕಿಂತ ಬೇರೆ ಊಟ ಬೇಡ. ಹೊಸ ಮೀನಿಗೆ ಆಗಸ್ಟ್ ನಡುವಿನವರೆಗೆ ಕಾಯಿ.

• ಇದನ್ನು ನೆನಪಿಟ್ಟುಕೋ: ಬಂಗುಡೆಯಂಥ ಮೀನನ್ನು ಐಸ್ ಇಲ್ಲದೆ ಬಿಸಿಲಿನಲ್ಲಿ ಇಟ್ಟರೆ ಅದರಲ್ಲಿ ಹಿಸ್ಟಮಿನ್ ಎಂಬ ವಿಷಪದಾರ್ಥ ಹುಟ್ಟುತ್ತದೆ. ಕುದಿಸಿದರೂ ಹುರಿದರೂ ಅದು ಹೋಗುವುದಿಲ್ಲ. ತಿನ್ನುವಾಗ ನಾಲಿಗೆ ಚುರುಗುಟ್ಟಿದರೆ ಅಲ್ಲಿಗೇ ಬಿಟ್ಟು ಏಳು. ಮುಖ ಕೆಂಪೇರಿ ತುರಿಕೆ ಶುರುವಾದರೆ ಡಾಕ್ಟರಲ್ಲಿಗೆ ಹೋಗು. ಮಸಾಲೆ ಎಷ್ಟೇ ಚೆನ್ನಾಗಿರಲಿ, ದುಡ್ಡು ಕೊಟ್ಟಾಯಿತಲ್ಲ ಎಂದು ತಿನ್ನಬೇಡ.

• ಕೋಳಿ ಬೇಕಾದರೆ ಕೋರಿ ರೊಟ್ಟಿ ಕೇಳು. ರೊಟ್ಟಿಯ ಮೇಲೆ ಗಸಿಯನ್ನು ತಟ್ಟೆಯಲ್ಲೇ, ತಿನ್ನುವ ಹೊತ್ತಿಗೇ ಹೊಯ್ದುಕೊಳ್ಳಬೇಕು. ಅರ್ಧ ಗರಿಗರಿ, ಅರ್ಧ ನೆನೆದದ್ದು, ಆಗಲೇ ಅದಕ್ಕೆ ರುಚಿ. ಘೀ ರೋಸ್ಟ್ ಈಗ ಮಣಿಪಾಲದ ಮೂಲೆಮೂಲೆಯಲ್ಲೂ ಸಿಗುತ್ತದೆ. ಅದು ಹುಟ್ಟಿದ್ದು ಕುಂದಾಪುರದ ಶೆಟ್ಟಿ ಲಂಚ್ ಹೋಮಿನಲ್ಲಿ. ಒಂದು ಸಲ ಕುಂದಾಪುರಕ್ಕೇ ಹೋಗಿ ತಿಂದು ಬನ್ನಿ, ಮತ್ತೆ ಇಲ್ಲಿನದನ್ನು ಅಳೆಯಲು ಒಂದು ಮಾನದಂಡ ಸಿಗುತ್ತದೆ. ಅಳಿಯಂದಿರಿಗೆ ಇದನ್ನೂ ಹೇಳು: ಅವರೂರಿನ ಬ್ಯಾಡಗಿ ಮೆಣಸು ಇಲ್ಲದಿದ್ದರೆ ನಮ್ಮ ಗಸಿಗೂ ಘೀ ರೋಸ್ಟಿಗೂ ಆ ಬಣ್ಣ ಎಲ್ಲಿಂದ ಬರಬೇಕು? ಇಲ್ಲಿ ಅವರು ಪರಸ್ಥಳದವರಲ್ಲ.

• ಸಾಂಬಾರು ಸಿಹಿ ಎಂದು ಅಳಿಯಂದಿರು ಮುಖ ಹುಳಿ ಮಾಡಿದರಂತೆ. ತೆಂಗಿನಕಾಯಿ ಅರೆದು ಬೆಲ್ಲ ಹಾಕುವುದು ನಮ್ಮ ಕ್ರಮ, ನಾಲ್ಕು ತಿಂಗಳಲ್ಲಿ ನಾಲಿಗೆ ಒಗ್ಗುತ್ತದೆ. ಅಲ್ಲಿಯವರೆಗೆ ಸಾರು ಹಾಕಿಸಿಕೊಳ್ಳಲಿ, ಖಾರ ಇರುತ್ತದೆ. ಊಟಕ್ಕೆ ಕೂತಾಗ ‘ಕುಚ್ಚಲೋ ಬೆಳ್ತಿಗೆಯೋ’ ಎಂದು ಕೇಳುತ್ತಾರೆ. ಬೆಳ್ತಿಗೆ ಎಂದರೆ ಬಿಳಿ ಅನ್ನ. ಮೀನಿನ ಸಾರಿಗೆ ಕುಚ್ಚಲೇ ಸರಿ. ತೀರಾ ಊರ ನೆನಪಾದ ದಿನ ಜೋಳದ ರೊಟ್ಟಿಗೆ ಎಲ್ಲಿಗೆ ಹೋಗಬೇಕೆಂದು ಕಟ್ಟಡ ಕೆಲಸಕ್ಕೆ ಬಂದಿರುವ ಉತ್ತರ ಕರ್ನಾಟಕದವರನ್ನು ಕೇಳಲಿ. ಅವರಿಗೆ ಗೊತ್ತಿಲ್ಲದ ರೊಟ್ಟಿ ಮನೆ ಈ ಸುತ್ತಿನಲ್ಲಿ ಇರಲಾರದು.

• ಇನ್ನು ನಿಮ್ಮದೇ ಸುತ್ತಮುತ್ತ. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಮೆಡಿಕಲ್ ಕಾಲೇಜು ಕಟ್ಟುವಾಗ ಮಣಿಪಾಲ ಎಂದರೆ ಮುಳಿಹುಲ್ಲಿನ ಬೋಳುಗುಡ್ಡ. ಈಗ ಟೈಗರ್ ಸರ್ಕಲಿನಿಂದ ಈಶ್ವರ ನಗರ, ಪರ್ಕಳ, ಪೆರಂಪಳ್ಳಿಯವರೆಗೆ ಫ್ಲ್ಯಾಟು, ಹಾಸ್ಟೆಲು, ಅವುಗಳ ಕೆಳಗೆ ಹೋಟೆಲು. ಬಾಡಿಗೆ ಜೋರು, ಗಿರಾಕಿಗಳು ವಿದ್ಯಾರ್ಥಿಗಳು. ಪರೀಕ್ಷೆ ಮುಗಿಸಿ ಮಕ್ಕಳು ಊರಿಗೆ ಹೋದರೆಂದರೆ ಅರ್ಧ ಮೇಜು ಖಾಲಿ. ರಜೆ ಮುಗಿಯುವ ಹೊತ್ತಿಗೆ ಬೋರ್ಡಿನ ಮೇಲೆ ಹೊಸ ಹೆಸರು. ಆದ್ದರಿಂದ ಹೊಸ ಹೋಟೆಲ್ ತೆರೆದ ವಾರವೇ ಓಡಬೇಡ. ಒಂದು ರಜೆ ದಾಟಲಿ. ರಜೆಯಲ್ಲೂ ಬಾಗಿಲು ತೆರೆದಿಟ್ಟು, ಹತ್ತಿರದ ಮನೆಯವರು, ಆಟೋದವರು, ಆಸ್ಪತ್ರೆಯ ಸಿಬ್ಬಂದಿ ಬಂದು ಉಣ್ಣುತ್ತಿದ್ದರೆ ಆ ಹೋಟೆಲನ್ನು ನಂಬು. ಆಸ್ಪತ್ರೆಯ ನರ್ಸುಗಳು ದಿನಾ ತಿನ್ನುವ ಕಡೆ ನಾನು ಕಣ್ಣುಮುಚ್ಚಿ ಕೂರುತ್ತೇನೆ. ಶುಚಿ ನೋಡುವುದರಲ್ಲಿ ಅವರ ಕಣ್ಣು ನಮ್ಮದಕ್ಕಿಂತ ಚುರುಕು.

• ಯಜಮಾನರೇ ಗಲ್ಲಾದಲ್ಲೋ ಬಾಣಲೆಯ ಮುಂದೋ ನಿಂತಿರುವ ಹೋಟೆಲ್ ಆದರೆ ಇನ್ನೂ ಒಳ್ಳೆಯದು.

• ಅಡುಗೆಮನೆ ನೋಡಬಹುದಾ ಎಂದು ಕೇಳುವ ಧೈರ್ಯ ಮಾಡು. ಕೋಟದ ಹತ್ತಿರದ ಪಾರಂಪಳ್ಳಿಯಿಂದ ಹೋದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ ಹೋಟೆಲೇ ಇಂದಿನ ಎಂಟಿಆರ್. ಅಲ್ಲಿ ಗಿರಾಕಿಗಳನ್ನು ಅಡುಗೆಮನೆಯ ಮೂಲಕವೇ ಒಳಗೆ ಬಿಡುತ್ತಿದ್ದರು. ಕಡಂದಲೆಯ ಕೃಷ್ಣ ರಾಯರು ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದರು, ಎ. ರಾಮ ನಾಯಕರು 1942ರಲ್ಲಿ ಮುಂಬಯಿಯ ಮಾಟುಂಗಾದಲ್ಲಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ನಮ್ಮ ಕಡೆಯ ಹುಡುಗರು ಪಾತ್ರೆ ತೊಳೆಯುವುದರಿಂದ ಶುರುಮಾಡಿ ಪರವೂರಿನಲ್ಲಿ ಹೆಸರು ಮಾಡಿದ್ದು ಶುಚಿಯಿಂದ. ಅವರು ಹುಟ್ಟಿದ ನೆಲದಲ್ಲೇ ಕೂತು ನಾವು ಶುಚಿ ಕೇಳುವುದಕ್ಕೆ ಹಿಂಜರಿಯಬೇಕೇ? ಗೋಡೆಯ ಮೇಲೆ ಆಹಾರ ಸುರಕ್ಷತಾ ಪರವಾನಗಿ ತೂಗುಹಾಕಿರಬೇಕು, 14 ಅಂಕಿಯ ಸಂಖ್ಯೆ ಇರುತ್ತದೆ. ಕೈ ತೊಳೆಯುವ ಜಾಗದಲ್ಲಿ ಸಾಬೂನು ಇದೆಯಾ, ಕುಡಿಯಲು ಬಿಸಿನೀರು ಇಡುತ್ತಾರಾ, ಮೇಜು ಒರೆಸುವ ಬಟ್ಟೆ ಯಾವ ಬಣ್ಣಕ್ಕಿದೆ, ಇಷ್ಟು ನೋಡಿದರೆ ಒಳಗಿನದು ತಿಳಿಯುತ್ತದೆ.

• ಕೆಂಪು ಬಣ್ಣ ಕಣ್ಣು ಕುಕ್ಕುವ ಗೋಬಿ ಮಂಚೂರಿ, ಕಬಾಬ್ ಮುಟ್ಟಬೇಡ. 2024ರ ಮಾರ್ಚಿನಲ್ಲಿ ಸರಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು, ಜೂನಿನಲ್ಲಿ ಕಬಾಬಿಗೂ. ಬ್ಯಾಡಗಿ ಮೆಣಸಿನ ಕೆಂಪು ಹೇಗಿರುತ್ತದೆಂದು ಅಳಿಯಂದಿರಿಗೆ ಯಾರೂ ಹೇಳಿಕೊಡಬೇಕಿಲ್ಲ, ಅವರೇ ನೋಡಿ ಹೇಳಲಿ.

• ಶವರ್ಮಾ ತಿನ್ನಬೇಡ ಎಂದರೆ ನೀವು ಕೇಳುವುದಿಲ್ಲ ಎಂದು ಗೊತ್ತು. ತಿನ್ನುವುದಾದರೆ ಜನ ತುಂಬಿದ ಹೊತ್ತಿಗೆ, ಮಾಂಸ ತಿರುಗುತ್ತಾ ಬಿಸಿ ಇರುವಾಗ ತಿನ್ನಿ. ಉರಿ ಆರಿಸಿ ಮತ್ತೆ ಹಚ್ಚಿದ ಕಡೆ ಬೇಡ. ಹಸಿ ಮೊಟ್ಟೆಯ ಮಯೋನೀಸ್ ಬೇಡ. 2022ರ ಮೇ ತಿಂಗಳಲ್ಲಿ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ಓದುವ ಹುಡುಗಿಯೊಬ್ಬಳು ತೀರಿಕೊಂಡಳು, ಶಿಗೆಲ್ಲಾ ಎಂಬ ರೋಗಾಣು ಕಾರಣ. ಆ ಸುದ್ದಿ ಓದಿದಂದಿನಿಂದ ಮಣಿಪಾಲದ ರಾತ್ರಿ ಅಂಗಡಿಗಳ ಮುಂದೆ ನಿಂತ ಮಕ್ಕಳನ್ನು ಕಂಡರೆ ಎದೆ ಢವ ಎನ್ನುತ್ತದೆ.

• ರಾತ್ರಿ ಡ್ಯೂಟಿ ಮುಗಿಸಿ ಬಂದಾಗ ಹೋಟೆಲಿನ ದೋಸೆಗಿಂತ ಮನೆಯ ಗಂಜಿ ಲೇಸು. ಒಂದು ಕುಕ್ಕರ್ ಕುಚ್ಚಲಕ್ಕಿ ಬೇಯಿಸಿಡಲು ಎಷ್ಟು ಹೊತ್ತು? ಉಪ್ಪಿನಕಾಯಿ ನಿನ್ನ ದೊಡ್ಡಮ್ಮ ಕೊಟ್ಟದ್ದು ಇದ್ದೇ ಇದೆ.

• ಪಾರ್ಸೆಲ್ ತರಲೇಬೇಕಾದರೆ ಸ್ಟೀಲಿನ ಬುತ್ತಿ ತೆಗೆದುಕೊಂಡು ಹೋಗು. ಕುದಿಯುವ ಸಾಂಬಾರನ್ನು ತೆಳು ಪ್ಲಾಸ್ಟಿಕ್ ಚೀಲಕ್ಕೆ ಸುರಿದು ರಬ್ಬರ್ ಹಾಕಿ ಕೊಡುತ್ತಾರಲ್ಲ, ಅದನ್ನು ತರಬೇಡ. ನೀರ್ ದೋಸೆ ಒಂದರ ಮೇಲೊಂದು ಬಿದ್ದರೆ ಮುದ್ದೆಯಾಗುತ್ತದೆ, ಬಾಳೆಎಲೆ ನಡುವೆ ಇಟ್ಟು ಕೊಡಿ ಎಂದು ಹೇಳು. ಇಡ್ಲಿ, ಕಡುಬು, ಬಿಸ್ಕುಟ್ ಅಂಬಡೆ ಇವು ಪಾರ್ಸೆಲಿಗೆ ತಡೆಯುತ್ತವೆ.

• ಮಣಿಪಾಲದಲ್ಲಿ 1986ರಿಂದ ಹೋಟೆಲ್ ಆಡಳಿತದ ಕಾಲೇಜು ನಡೆಯುತ್ತಿದೆ. ಬಾಣಸಿಗ ವಿಕಾಸ್ ಖನ್ನಾ ಓದಿದ್ದು ಅಲ್ಲಿ. ಅವರ ಆಸೆಯಂತೆ ಅಲ್ಲಿ ಹಂಡೆಯ ಆಕಾರದ ಪಾಕಕಲೆಯ ಮ್ಯೂಸಿಯಂ ಕಟ್ಟಿದ್ದಾರೆ, 2018ರಲ್ಲಿ ತೆರೆಯಿತು. ದೇಶದ ಮೂಲೆಮೂಲೆಯ ಪಾತ್ರೆ ಪಡಗ, ಒನಕೆ, ಹಿಟ್ಟಿನ ಮಣೆಗಳು ಅಲ್ಲಿವೆ. ಒಂದು ಶನಿವಾರ ಹೋಗಿ ನೋಡಿ ಬನ್ನಿ.

• ಕಾಪುವಿಗೆ ಹೋದರೆ ಲೆಕ್ಕ ಹೀಗೆ. 1901ರ ದೀಪಸ್ತಂಭ, ಅದರ ಬುಡದ ಬಂಡೆ, ಮುಳುಗುವ ಸೂರ್ಯ ಇವನ್ನೆಲ್ಲ ನೋಡಿ ಹೊರಡುವಾಗ ಕತ್ತಲಾಗಿರುತ್ತದೆ, ಹಸಿವೂ ಆಗಿರುತ್ತದೆ. ಆ ಹಸಿವಿನಲ್ಲಿ ಹೆದ್ದಾರಿಯ ಬದಿಯ ಮೊದಲ ದೀಪದ ಬೋರ್ಡ್ ಕಂಡಲ್ಲಿ ನುಗ್ಗಬೇಡಿ. ಬೀಚಿನಲ್ಲಿ ಒಂದೊಂದು ಪೊಟ್ಟಣ ಚುರುಮುರಿ ತಿನ್ನಿ: ಹಸಿ ನೀರುಳ್ಳಿ, ಟೊಮೆಟೊ, ತೆಂಗಿನೆಣ್ಣೆ, ಕಣ್ಣೆದುರೇ ಕಲಸಿದ್ದು. ಹೊಟ್ಟೆಗೆ ಅಷ್ಟು ಆಧಾರವಾದ ಮೇಲೆ ಕಾಪು ಪೇಟೆಯ ಒಳಗೋ ಕಟಪಾಡಿಯಲ್ಲೋ ಊರಿನವರು ಉಣ್ಣುವ ಜಾಗ ಕೇಳಿ ಹೋಗಿ. ಕಾಪುವಿನ ಮಾರಿಪೂಜೆ ವರ್ಷಕ್ಕೆ ಮೂರು, ತುಳು ತಿಂಗಳುಗಳ ಹೆಸರಿನವು: ಸುಗ್ಗಿ, ಆಟಿ, ಜಾರ್ದೆ. ಸುಗ್ಗಿ ಮಾರಿಪೂಜೆಗೆ ಆ ಊರಿನ ಮನೆಮನೆಯಲ್ಲಿ ನೆಂಟರು, ಕೋಳಿ ಪದಾರ್ಥ, ಕಡುಬು. ಯಾರಾದರೂ ಕರೆದರೆ ಇಲ್ಲವೆನ್ನದೆ ಹೋಗು. ಹೋಟೆಲಿನಲ್ಲಿ ಸಿಗದ ರುಚಿ ಆ ಮನೆಗಳಲ್ಲಿ ಸಿಗುತ್ತದೆ.

• ಕಟಪಾಡಿಯ ಹತ್ತಿರವೇ ಮಟ್ಟು ಗ್ರಾಮ. ಅಲ್ಲಿನ ಗುಳ್ಳ ಬದನೆಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ವಾದಿರಾಜ ಯತಿಗಳು ಕೊಟ್ಟ ಬೀಜ ಎಂದು ನಂಬಿಕೆ. ತಿಳಿ ಹಸಿರು, ಬಿಳಿ ಗೆರೆ, ತೆಳು ಸಿಪ್ಪೆ. ಬೇಯಿಸಿದರೆ ಬೆಣ್ಣೆಯಂತೆ ಕರಗಬೇಕು, ಕಹಿ ಇರಬಾರದು. ಹೋಟೆಲಿನಲ್ಲಿ ಗುಳ್ಳದ ಹುಳಿ ಎಂದು ಕೊಟ್ಟದ್ದೆಲ್ಲ ಮಟ್ಟುವಿನದ್ದಲ್ಲ. ಅಂಗಡಿಯಲ್ಲಿ ಕೊಳ್ಳುವಾಗ ಬೆಳೆಗಾರರ ಸಂಘದ ಸ್ಟಿಕ್ಕರ್ ಇದೆಯಾ ನೋಡು. ಅದಕ್ಕಿಂತ, ಚಳಿಗಾಲದಲ್ಲಿ ಮಟ್ಟುವಿಗೇ ಹೋಗಿ ಗದ್ದೆಯವರ ಕೈಯಿಂದ ಎರಡು ಕಿಲೋ ತೆಗೆದುಕೊಂಡು ಬಾ. ಸಮುದ್ರ, ಹೊಳೆ ಎರಡರ ನಡುವಿನ ಆ ಮರಳುಗದ್ದೆಗಳಲ್ಲಿ ದುಡಿಯುವವರಿಗೆ ನಾಲ್ಕು ಕಾಸು ಹೆಚ್ಚು ಸಿಗಲಿ.

• ಕಾರ್ಕಳಕ್ಕೆ ಬೆಳಗ್ಗೆ ಬೇಗ ಹೊರಡಬೇಕು. ಪರ್ಕಳದಿಂದ ಹಿರಿಯಡ್ಕ, ಬೈಲೂರು ದಾರಿ. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ 42 ಅಡಿಯ ಗೊಮ್ಮಟನ ಬಂಡೆಯನ್ನು ಬಿಸಿಲೇರುವ ಮೊದಲು ಹತ್ತಿ, ಎದುರಿನ ಚತುರ್ಮುಖ ಬಸದಿ ನೋಡಿ, ಆಮೇಲೆ ತಿಂಡಿಗೆ ಪೇಟೆಗೆ ಇಳಿಯಿರಿ. ಪಡುತಿರುಪತಿ ಎಂದು ಹೆಸರಾದ ವೆಂಕಟರಮಣ ದೇವಸ್ಥಾನದ ಸುತ್ತ ಕೊಂಕಣಿಗರ ಬೀದಿ. ಅಲ್ಲಿನ ಹೋಟೆಲುಗಳಲ್ಲಿ ಬಿಸ್ಕುಟ್ ಅಂಬಡೆ, ಬಿಸ್ಕುಟ್ ರೊಟ್ಟಿ, ಸಜ್ಜಿಗೆ ಬಜಿಲ್ ಕೇಳಿ. ಬಿಸ್ಕುಟ್ ರೊಟ್ಟಿ ಎಂದರೆ ರವೆ, ಕಾಯಿತುರಿ, ಮೆಣಸಿನ ಹೂರಣ ತುಂಬಿ ಕರಿದ ಪೂರಿ. ಬೆಂಗಳೂರಿನಲ್ಲಿ ದೀಪ ಹಿಡಿದು ಹುಡುಕಿದರೂ ಆ ರುಚಿಯದ್ದು ಸಿಗದು. ಹಿಂತಿರುಗುವಾಗ ಕಜೆ ಅಕ್ಕಿ ತನ್ನಿ. ಕೆಂಪಗಿನ ಕುಚ್ಚಲಕ್ಕಿ, ಗಂಜಿಗೆ ಅದೇ ಚೆನ್ನ. ಜನವರಿಯಲ್ಲಿ ಹೋದರೆ ಅತ್ತೂರು ಚರ್ಚಿನ ಸಾಂತ್‌ಮಾರಿ ಜಾತ್ರೆ, ಎಲ್ಲ ಜಾತಿ ಮತದವರೂ ಮೇಣದಬತ್ತಿ ಹಿಡಿದು ಬರುವ ಜಾತ್ರೆ. ಆದರೆ ಜಾತ್ರೆಯ ಸಂತೆಯಲ್ಲಿ ಮುಚ್ಚದೆ ಇಟ್ಟ ಮಿಠಾಯಿ ಬೇಡ.

• ತಿಂಗಳಿಗೆ ತಕ್ಕ ತಿಂಡಿ ಬಿಡಬೇಡ. ಆಟಿಯಲ್ಲಿ ಪತ್ರೊಡೆ, ಕಣಿಲೆ, ತಜಂಕಿನ ವಡೆ. ಈಗ ಹೋಟೆಲುಗಳಲ್ಲೂ ಆಟಿ ತಿಂಡಿಯ ಬೋರ್ಡ್ ಹಾಕುತ್ತಾರೆ. ಪತ್ರೊಡೆಗೆ ಹುಳಿ ಕಡಿಮೆಯಾದರೆ ಗಂಟಲು ತುರಿಸುತ್ತದೆ, ಮೊದಲು ಒಂದೇ ತುಂಡು ತಿಂದು ನೋಡು. ಅಷ್ಟಮಿಗೆ ಮೂಡೆ, ಕೊಟ್ಟೆ ಕಡುಬು. ಮುಂಡೇವಿನ ಓಲೆಯ ಕೊಳವೆಯಲ್ಲಿ ಬೆಂದದ್ದು ಮೂಡೆ, ಹಲಸಿನ ಎಲೆಯ ಕೊಟ್ಟೆಯಲ್ಲಿ ಬೆಂದದ್ದು ಕೊಟ್ಟೆ ಕಡುಬು. ಅಷ್ಟಮಿಯ ಹಿಂದಿನ ದಿನ ಉಡುಪಿ ಪೇಟೆಯಲ್ಲಿ ಹೆಣೆದ ಕೊಳವೆಗಳನ್ನು ಹೊರೆಹೊರೆಯಾಗಿ ಮಾರುತ್ತಾರೆ. ನಾಲ್ಕು ತಂದು ಮನೆಯಲ್ಲೇ ಬೇಯಿಸು, ಇಡೀ ಫ್ಲ್ಯಾಟಿಗೆ ಪರಿಮಳ ಬರುತ್ತದೆ. ಆದರೆ ಆಟಿ ಅಮಾವಾಸ್ಯೆಯ ಪಾಲೆ ಕಷಾಯವನ್ನು ಮಾತ್ರ ಮರ ಗುರುತಿಸಿ ಗೊತ್ತಿದ್ದವರ ಮನೆಯಲ್ಲೇ ಕುಡಿ. ಬೇರೆ ಮರದ ತೊಗಟೆಯಾದರೆ ಪ್ರಾಣಕ್ಕೆ ಸಂಚಕಾರ.

• ಮಕ್ಕಳಾದ ಮೇಲೆ ಹೇಗೂ ಕೇಳುತ್ತಾರೆ, ಈಗಲೇ ಹೇಳಿಬಿಡುತ್ತೇನೆ. ಗಡ್‌ಬಡ್ ತಿನ್ನಲು ಉಡುಪಿಯ ಡಯಾನಾಕ್ಕೆ ಹೋಗು. ಅದು ತಮ್ಮಲ್ಲೇ ಹುಟ್ಟಿದ್ದು ಎನ್ನುತ್ತಾರೆ ಅಲ್ಲಿಯವರು. ಉದ್ದ ಗಾಜಿನ ಲೋಟ, ತಳದಲ್ಲಿ ಹಣ್ಣು, ಜೆಲ್ಲಿ, ನಡುವೆ ಗೋಡಂಬಿ, ಮೇಲೆ ಐಸ್‌ಕ್ರೀಮು. ಊಟ ಮಾಡಿ ಹೋದರೆ ಇಬ್ಬರಿಗೆ ಒಂದು ಸಾಕು.

• ಪರ್ಕಳದಲ್ಲೇ ನಡೆದು ಹೋಗುವ ದೂರದಲ್ಲಿ ಒಂದು ಸಣ್ಣ ಹೋಟೆಲನ್ನು ನಿಮ್ಮದಾಗಿ ಮಾಡಿಕೊಳ್ಳಿ. ವಾರದಲ್ಲಿ ಎರಡು ಮೂರು ಸಲ ಒಂದೇ ಕಡೆ ಹೋದರೆ ಮುಖ ಗುರುತಾಗುತ್ತದೆ, ಹೆಸರು ಗೊತ್ತಾಗುತ್ತದೆ. ಆಮೇಲೆ ನೀನು ಕೇಳುವ ಮೊದಲೇ ‘ಇವತ್ತು ವಡೆ ಬೇಡಮ್ಮ, ಶ್ಯಾವಿಗೆ ಈಗಷ್ಟೇ ಒತ್ತಿದ್ದು’ ಎನ್ನುತ್ತಾರೆ. ಜ್ವರ ಬಂದ ದಿನ ಉಪ್ಪು ಕಡಿಮೆ ಹಾಕಿ ಗಂಜಿ ಮಾಡಿ ಕಳಿಸುತ್ತಾರೆ. ಬಿಲ್ಲು ಕೊಡುವಾಗ ತಿಂಡಿ ಚೆನ್ನಾಗಿದ್ದರೆ ಚೆನ್ನಾಗಿತ್ತು ಎಂದು ಹೇಳು, ಸರಿಯಿಲ್ಲದಿದ್ದರೆ ನಾಲ್ಕು ಜನರೆದುರು ಹೇಳದೆ ಗಲ್ಲಾದವರ ಹತ್ತಿರ ಮೆಲ್ಲಗೆ ಹೇಳು. ಬೆಳಗ್ಗೆ ನಾಲ್ಕಕ್ಕೆ ಎದ್ದು ಒಲೆ ಹಚ್ಚುವವರು ಅವರು. ಮಕ್ಕಳು ಈ ಕೆಲಸ ಬೇಡವೆಂದು ದೂರ ಹೋದ ಮೇಲೆ ಎಷ್ಟೋ ಒಳ್ಳೆಯ ಹೋಟೆಲುಗಳು ಬಾಗಿಲು ಹಾಕಿದವು. ಉಳಿದವು ಉಳಿಯಬೇಕಾದರೆ ಹತ್ತಿರದ ಮನೆಯವರು ಹೋಗಿ ಕೂರಬೇಕು.

• ಆ ಹೋಟೆಲಿಗೆ ವಾರದ ರಜೆ ಯಾವತ್ತು, ಕೋಲ, ನೇಮ, ಆಯನ ಎಂದು ಬಾಗಿಲು ಹಾಕುವುದು ಯಾವಾಗ ಎಂದು ಕೇಳಿಟ್ಟುಕೋ. ಅಡುಗೆಯವರು ನೇಮಕ್ಕೆ ಹೋದ ದಿನ ಬೇರೆಯವರು ಬಾಣಲೆ ಹಿಡಿದಿರುತ್ತಾರೆ. ಅಂಥ ದಿನ ನೀನೂ ಅಳಿಯಂದಿರೂ ಇತ್ತ ನಮ್ಮಲ್ಲಿಗೆ ಬಸ್ ಹತ್ತಿ, ಹತ್ತು ಗಂಟೆಯೊಳಗೆ ಒಂದು ಫೋನ್ ಮಾಡಿದರೆ ಸಾಕು, ಇನ್ನಿಬ್ಬರಿಗೆ ಅಕ್ಕಿ ಹಾಕಲು ದೊಡ್ಡಮ್ಮನಿಗೆ ಹೇಳುತ್ತೇನೆ.